ಕೆಂಪು ಕಾಳು, ಬಿಳಿ ಕಾಳು

ನೈರೋಬಿಯಲ್ಲಿ ಜುಲೈ ಅಂದರೆ ಚಳಿಗಾಲ ಅಂತ ಹೇಳಿದರೆ ಊರಲ್ಲಿ ಯಾರೂ ನಂಬೋದಿಲ್ಲ. "ಆಫ್ರಿಕಾದಲ್ಲಿ ಚಳೀನಾ? ಸ್ವೆಟರ್ ಬೇರೆ ಹಾಕ್ಕೋತೀಯಾ?" ಅಂತ ಫೋನಿನಲ್ಲೇ ನಗ್ತಾರೆ. ನಗಲಿ ಬಿಡಿ. ಸಮುದ್ರಮಟ್ಟಕ್ಕಿಂತ ಸುಮಾರು 1,700 ಮೀಟರ್ ಎತ್ತರದಲ್ಲಿರೋ ಊರು ಇದು, ನಮ್ಮ ಬೆಂಗಳೂರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಎತ್ತರ. ಜುಲೈನಲ್ಲಿ ಬೆಳಗಿನ ಜಾವಕ್ಕೆ ಹನ್ನೊಂದು ಹನ್ನೆರಡು ಡಿಗ್ರಿ. ಎಷ್ಟೋ ದಿನ ಮಧ್ಯಾಹ್ನವಾದರೂ ಮೋಡ ಸರಿಯೋದಿಲ್ಲ. ಇದಕ್ಕೆ ಮೊದಲ ಬಲಿ ನಮ್ಮನೆ ದೋಸೆಹಿಟ್ಟು. ರಾತ್ರಿ ರುಬ್ಬಿಟ್ಟಿದ್ದನ್ನು ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಇಟ್ಟ ಹಾಗೇ ಕೂತಿರುತ್ತೆ, ಮುನಿಸಿಕೊಂಡ ಬೀಗರ ಥರ. ಊರಲ್ಲಿ ಏಪ್ರಿಲ್ ತಿಂಗಳಲ್ಲಿ ಪಾತ್ರೆ ಮೀರಿ ಕಟ್ಟೆ ಮೇಲೆಲ್ಲ ಹರಿಯೋ ಅದೇ ಉದ್ದು, ಅದೇ ಅಕ್ಕಿ!

ಶನಿವಾರದ ನನ್ನ ಜೀವಶಾಸ್ತ್ರದ ಪಾಠದಲ್ಲಿ ಈ ಹಿಟ್ಟಿಗೊಂದು ಜಾಗ ಇದೆ. ಅದನ್ನು ಹೇಳೋಕೆ ಮುಂಚೆ ನಾವಿರೋ ಕಡೆಯ ಬಗ್ಗೆ ಎರಡು ಮಾತು.

ಸೌತ್ ಸಿ ಅಂದ ತಕ್ಷಣ "ಓ, ಸಮುದ್ರದ ಪಕ್ಕಾನಾ?" ಅಂತ ಕೇಳಿದವರಿದ್ದಾರೆ. ಅಲ್ಲ ಸ್ವಾಮಿ, ಇದು ಎ ಬಿ ಸಿಯ ಸಿ. ಪಕ್ಕದಲ್ಲೇ ಸೌತ್ ಬಿ ಅಂತಲೂ ಇದೆ. ಸಮುದ್ರ ನೋಡಬೇಕು ಅಂದರೆ ಮೊಂಬಾಸಾಕ್ಕೆ ಸುಮಾರು 480 ಕಿಲೋಮೀಟರ್ ಹೋಗಬೇಕು. ನಮ್ಮ ಒಂದು ಪಕ್ಕಕ್ಕೆ ವಿಲ್ಸನ್ ವಿಮಾನ ನಿಲ್ದಾಣ, ದಿನವಿಡೀ ಪುಟ್ಟ ಪುಟ್ಟ ವಿಮಾನಗಳು ನೆತ್ತಿ ಮೇಲೆ ಗುಂಯ್‌ಗುಡುತ್ತವೆ. ಇನ್ನೊಂದು ಪಕ್ಕಕ್ಕೆ ಮೊಂಬಾಸಾ ರಸ್ತೆ. ಸ್ವಲ್ಪ ಆಚೆ ನೈರೋಬಿ ನ್ಯಾಷನಲ್ ಪಾರ್ಕ್, ಅಂದರೆ ಸಿಂಹಗಳ ಮನೆ. ನಮ್ಮ ಕಾಂಪೌಂಡಿನಲ್ಲಿ ಸೊಮಾಲಿಗಳು, ಗುಜರಾತಿಗಳು, ಕಿಕುಯುಗಳು, ಲುವೋಗಳು, ಕಾಂಬಾಗಳು, ಮಧ್ಯೆ ಶಿವಮೊಗ್ಗ ಕಡೆಯ ನಾವು. ಬೆಳಿಗ್ಗೆ ಮಸೀದಿಯ ಆಜಾನ್, ಆಮೇಲೆ ನಮ್ಮನೆ ಮಿಕ್ಸಿ.

ಊರಲ್ಲಿ ಆರು ವರ್ಷ ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು, ನಮ್ಮನೆಯವರ ಕೆಲಸದ ದೆಸೆಯಿಂದ ಇಲ್ಲಿಗೆ ಬಂದವಳು ನಾನು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಕೀನ್ಯಾದ ಶಾಲೆಗಳೆಲ್ಲ ಮುಚ್ಚಿದವು. ಹೆಚ್ಚಿನ ತರಗತಿಗಳು ಪೂರ್ತಿಯಾಗಿ ತೆರೆದದ್ದು 2021ರ ಜನವರಿಯಲ್ಲಿ. ಅಷ್ಟು ದಿನ ಕಾಂಪೌಂಡಿನ ಹುಡುಗರು ಏನು ಮಾಡಬೇಕು? ಪಕ್ಕದ ಮನೆಯಾಕೆ ಬಂದು, "ಮ್ವಾಲಿಮು, ಇವಕ್ಕೆ ಏನಾದರೂ ಹೇಳಿಕೊಡಿ, ನನ್ನ ತಲೆ ತಿಂತಾ ಇವೆ" ಅಂದರು. ಮ್ವಾಲಿಮು ಅಂದರೆ ಮೇಷ್ಟ್ರು, ಟೀಚರು ಅಂತ. ಮೂರು ಮಕ್ಕಳಿಂದ ಜಗಲಿಯಲ್ಲಿ ಶುರುವಾಗಿದ್ದು ಆಮೇಲೆ ಎಂಟು ಮಕ್ಕಳಾಗಿ ಊಟದ ಮೇಜಿಗೆ ಬಂತು. ಶಾಲೆ ತೆರೆದ ಮೇಲೂ ನಿಲ್ಲಲಿಲ್ಲ.

ಇಲ್ಲಿನ ಫಾರ್ಮ್ ಒನ್ ಪುಸ್ತಕ ತೆಗೆದರೆ ಮೊದಲ ಪಾಠವೇ ಜೀವಶಾಸ್ತ್ರ ಎಂದರೇನು ಅಂತ ಇರುತ್ತಿತ್ತು. ಗ್ರೀಕಿನಲ್ಲಿ ಬಯೋಸ್ ಎಂದರೆ ಜೀವ, ಲೋಗೋಸ್ ಎಂದರೆ ಅಧ್ಯಯನ... ನಮ್ಮ ಪುಸ್ತಕಗಳೂ ಹಾಗೇ ಇದ್ದವಲ್ಲ! ಆಮೇಲೆ ಜೀವಿಗಳ ಲಕ್ಷಣಗಳು, ಆಮೇಲೆ ವರ್ಗೀಕರಣ, ಆಮೇಲೆ ಜೀವಕೋಶ. ಹದಿನಾಲ್ಕು ವರ್ಷದ ಹುಡುಗ ಬೆಳಿಗ್ಗೆ ಎದ್ದಾಗಿನಿಂದ ಜೀವಿಗಳ ನಡುವೆಯೇ ಓಡಾಡಿಕೊಂಡು ಬಂದು ಪುಸ್ತಕ ತೆಗೆದರೆ, ಅವನು ಯಾವತ್ತೂ ಕೇಳದ ಪ್ರಶ್ನೆಗಳಿಗೆ ಸಾಲುಸಾಲಾಗಿ ಉತ್ತರ ಕೊಟ್ಟಿರುತ್ತಾರೆ. ನನಗಂತೂ ಇದು ಹಸಿವಿಲ್ಲದವನಿಗೆ ಎಲೆ ಹಾಕಿದ ಹಾಗೆ ಕಾಣುತ್ತೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದವರಿಗೆ ನಾನು ಹೇಳೋದು ಗೊತ್ತಾಗುತ್ತೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು ಹುಡುಗರನ್ನು ಕಾಡಿಗೆ ಕರಕೊಂಡು ಹೋಗಿ, ಗಿಡದ ಮುಂದೆ ನಿಲ್ಲಿಸಿ, ಪ್ರಶ್ನೆ ಹುಟ್ಟಿದ ಮೇಲೆ ಪಾಠ ಹೇಳಿದರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲೂ ಅದರ ಪ್ರತಿ ಇತ್ತು. ಕ್ಲಾಸಿನಲ್ಲಿ ಮಾತ್ರ ನಮಗೆ ನೋಟ್ಸ್ ಬರೆಸುತ್ತಿದ್ದರು.

ಹಾಗಾಗಿ ನಾನು ಮಾಡಿದ್ದು ಇಷ್ಟೇ. ಒಂದು ಖಾಲಿ ಕಿಂಬೋ ಡಬ್ಬಿ ಇಟ್ಟೆ (ಕಿಂಬೋ ಅಂದರೆ ಇಲ್ಲಿನ ವನಸ್ಪತಿ, ನಮ್ಮ ಡಾಲ್ಡಾ ಇದ್ದ ಹಾಗೆ). ಯಾರು ಏನು ಬೇಕಾದರೂ ಚೀಟಿಯಲ್ಲಿ ಬರೆದು ಹಾಕಬಹುದು, ಹೆಸರು ಹಾಕಬೇಕಾಗಿಲ್ಲ. ಷರತ್ತು ಒಂದೇ, ಪುಸ್ತಕ ನೋಡಿ ಬರೆದ ಪ್ರಶ್ನೆ ಆಗಬಾರದು.

ಮೊದಲ ವಾರ ಬಂದ ಚೀಟಿಗಳಲ್ಲಿ ನನಗೆ ಇಷ್ಟವಾದದ್ದು ಇದು: "ಆ ದೊಡ್ಡ ಹಕ್ಕಿ ತನ್ನ ಕಾಲ ಮೇಲೆ ತಾನೇ ಯಾಕೆ ಹೇತುಕೊಳ್ಳುತ್ತೆ?" ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಪ್ರಶ್ನೆ ಮಾತ್ರ ನೂರಕ್ಕೆ ನೂರು ಸರಿ. ನ್ಯಾಯೋ ಸ್ಟೇಡಿಯಮ್ ಸುತ್ತಮುತ್ತಲ ಅಕೇಶಿಯಾ ಮರಗಳ ತುದಿಯಲ್ಲಿ ಮರಬೂ ಕೊಕ್ಕರೆಗಳು ಕೂತಿರುತ್ತವೆ. ಬೋಳು ತಲೆ, ಕತ್ತಿಗೆ ನೇತುಬಿದ್ದ ಚೀಲ, ಕೆಳಗೆ ನಿಂತವರ ಗತಿ ದೇವರಿಗೇ ಪ್ರೀತಿ. ಅವುಗಳ ಕಾಲು ಸುಣ್ಣ ಬಳಿದ ಹಾಗೆ ಬೆಳ್ಳಗೆ. ನಿಜವಾದ ಬಣ್ಣ ಕಪ್ಪು-ಬೂದು. ಹಕ್ಕಿಗೆ ನಮ್ಮ ಹಾಗೆ ಬೆವರೋಕಾಗಲ್ಲ. ತೆಳ್ಳಗಿನ ಹಿಕ್ಕೆಯನ್ನು ಕಾಲ ಮೇಲೆ ಸುರಿದುಕೊಂಡರೆ ನೀರು ಆವಿಯಾಗುವಾಗ ಮೈಯ ಶಾಖ ಹೊರಗೆ ಹೋಗುತ್ತೆ. ಬೆಳ್ಳಗೆ ಉಳಿಯೋದು ಯೂರಿಕ್ ಆಮ್ಲ. ನಾವು ಯೂರಿಯಾವನ್ನು ಲೋಟಗಟ್ಟಲೆ ನೀರಿನಲ್ಲಿ ಕರಗಿಸಿ ಹೊರಹಾಕ್ತೀವಿ. ಹಕ್ಕಿ ಅಷ್ಟು ನೀರು ಹೊತ್ತುಕೊಂಡು ಹಾರಬೇಕಾಗಿಲ್ಲ, ಪೇಸ್ಟಿನ ಥರ ಮಾಡಿ ಬಿಸಾಕುತ್ತೆ. ಒಂದು ಹೇಲಿನ ಪ್ರಶ್ನೆಯಿಂದ ವಿಸರ್ಜನೆ, ದೇಹದ ಉಷ್ಣತೆಯ ನಿಯಂತ್ರಣ, ಹಾರಾಟಕ್ಕೆ ಬೇಕಾದ ಹಗುರ ಮೈ, ಮೂರು ಅಧ್ಯಾಯ ಒಂದೇ ಮಧ್ಯಾಹ್ನ ಮುಗಿದವು. ಆ ವಾರವಿಡೀ ಮಕ್ಕಳು ಮಟಾಟುವಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೊಕ್ಕರೆಯ ಕಾಲು ನೋಡ್ತಿದ್ದವು ಅಂತ ಅವರಮ್ಮಂದಿರ ದೂರು.

ಎಲ್ಲ ಪ್ರಶ್ನೆಗಳೂ ಹೀಗೆ ಫಲ ಕೊಡುತ್ತವೆ ಅಂತಲ್ಲ. "ಸಿಂಹ ಗೆಲ್ಲುತ್ತಾ ಮೊಸಳೆ ಗೆಲ್ಲುತ್ತಾ" ಅನ್ನೋ ಚೀಟಿ ತಿಂಗಳಿಗೊಂದು ಸಲ ಬರುತ್ತೆ. ಇನ್ನು 'ನಿಜಜೀವನದ ಪ್ರಶ್ನೆಗಳಿಂದ ವಿಜ್ಞಾನ' ಅಂತ ಈಗೀಗ ಪಠ್ಯಪುಸ್ತಕದವರೂ ಬಣ್ಣದ ಚೌಕ ಮಾಡಿ ಹಾಕ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ಕಹಿ ಗುಳಿಗೆಗೆ ಸವರಿದ ಸಕ್ಕರೆ. ಉತ್ತರ ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ಹೊಂದೋ ಪ್ರಶ್ನೆಯನ್ನು ಯಾರೋ ಆಫೀಸಿನಲ್ಲಿ ಕೂತು ಹೆಣೆದಿರುತ್ತಾರೆ. ಮಕ್ಕಳಿಗೆ ಅದರ ವಾಸನೆ ಬೇಗ ಹತ್ತುತ್ತೆ.

ಸರಿ, ಹಿಟ್ಟಿಗೆ ಬರೋಣ. ಒಂದು ಜುಲೈ ಶನಿವಾರ ಎರಡು ಬಾಟಲಿಗೆ ದೋಸೆಹಿಟ್ಟು ತುಂಬಿ, ಬಾಯಿಗೆ ಬಲೂನು ಕಟ್ಟಿ, ಒಂದನ್ನು ಕಿಟಕಿ ಹತ್ತಿರ, ಇನ್ನೊಂದನ್ನು ಬಿಸಿನೀರಿನ ಗೀಸರ್ ಪಕ್ಕ ಇಟ್ಟೆವು. ಸಂಜೆ ಹೊತ್ತಿಗೆ ಗೀಸರ್ ಪಕ್ಕದ ಬಲೂನು ತಲೆ ಎತ್ತಿ ನಿಂತಿತ್ತು, ಕಿಟಕಿಯದ್ದು ಜೋತುಬಿದ್ದಿತ್ತು. ಉದ್ದಿನ ಜೊತೆಗೇ ಬರೋ ಲ್ಯುಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಅನಿಲ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತೆ. ಅದಕ್ಕೆ ಬೆಚ್ಚಗಿನ ಜಾಗ ಬೇಕು. ಸಣ್ಣ ಜೀವಿಗಳ ಗಡಿಯಾರ ಉಷ್ಣತೆಯ ಮೇಲೆ ಓಡುತ್ತೆ. ಇಷ್ಟು ಹೇಳಿ ನಿಲ್ಲಿಸಿದ್ದೆ. ಆಗ ಒಬ್ಬ ಹುಡುಗ, ಅವನ ಅಪ್ಪನ ಊರು ಕಿಸುಮು ಕಡೆ, ಕೇಳಿದ. "ಮ್ವಾಲಿಮು, ಡಿಸೆಂಬರಿನಲ್ಲಿ ಉಶಾಗೋಗೆ ಹೋಗಿ ಬಂದಾಗ ಮಾತ್ರ ನನಗೆ ಮಲೇರಿಯಾ ಬರುತ್ತೆ. ಇಲ್ಲೂ ಸೊಳ್ಳೆ ಕಚ್ಚುತ್ತಲ್ಲ, ಇಲ್ಲಿ ಯಾಕೆ ಬರಲ್ಲ?"

ಉಶಾಗೋ ಅಂದರೆ ಹುಟ್ಟೂರು, ಹಳ್ಳಿ. ಇಲ್ಲಿನ ಹುಡುಗರ ಭಾಷೆ.

ನೋಡಿ, ಇಂಥ ಪ್ರಶ್ನೆಗೆ ನಾನು ಕಾಯ್ತಾ ಇರೋದು. ಮಲೇರಿಯಾ ರೋಗಾಣು ಸೊಳ್ಳೆಯ ಹೊಟ್ಟೆಗೆ ಹೋದ ತಕ್ಷಣ ಮುಂದಿನವರಿಗೆ ದಾಟೋದಿಲ್ಲ. ಅಲ್ಲಿ ಬೆಳೆದು, ಹೆಚ್ಚಿ, ಸೊಳ್ಳೆಯ ಜೊಲ್ಲಿಗೆ ಬರಬೇಕು. ಫಾಲ್ಸಿಪಾರಮ್ ಜಾತಿಗೆ ಇದಕ್ಕೊಂದು ಹಳೆಯ ಲೆಕ್ಕ ಇದೆ. ದಿನದ ಸರಾಸರಿ ಉಷ್ಣತೆಯಿಂದ 16 ಕಳೆಯಿರಿ, ಬಂದದ್ದರಿಂದ 111ನ್ನು ಭಾಗಿಸಿ. ಅಷ್ಟು ದಿನ ಬೇಕು. ಮಕ್ಕಳು ತಾವೇ ಮಾಡಿದವು. ಕಿಸುಮುವಿಗೆ 23 ಡಿಗ್ರಿ ಅಂತ ಹಿಡಿದರೆ ಹದಿನಾರು ದಿನ. ಮೊಂಬಾಸಾದ 26ಕ್ಕೆ ಹನ್ನೊಂದು. ನೈರೋಬಿಯ ಹತ್ತೊಂಬತ್ತಕ್ಕೆ ಮೂವತ್ತೇಳು! ಅಷ್ಟು ದಿನ ಬದುಕೋ ಸೊಳ್ಳೆ ಅಪರೂಪ. ರೋಗಾಣು ಬಲಿಯೋ ಮುಂಚೆ ಸೊಳ್ಳೆಯೇ ಸತ್ತಿರುತ್ತೆ. ನೈರೋಬಿಯಲ್ಲಿ ಮಲೇರಿಯಾ ಇಲ್ಲವೇ ಇಲ್ಲ ಅಂತಲ್ಲ, ಕಾಣೋದು ಬಹುಪಾಲು ಬೇರೆ ಕಡೆಯಿಂದ ಹೊತ್ತು ತಂದದ್ದು.

(ಮಧ್ಯೆ ಒಂದು ಮಾತು. ನಮ್ಮ ಊರುಗಳ ಓವರ್‌ಹೆಡ್ ಟ್ಯಾಂಕು, ಸಂಪುಗಳಲ್ಲಿ ಬೆಳೆಯೋ ಅನಾಫಿಲಿಸ್ ಸ್ಟೆಫೆನ್ಸಿ ಅನ್ನೋ ಪೇಟೆಯ ಸೊಳ್ಳೆ ಇದೆಯಲ್ಲ, ಅದು 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿಕೊಂಡು, 2022ರಲ್ಲಿ ಕೀನ್ಯಾದ ಉತ್ತರದ ಮಾರ್ಸಬಿಟ್‌ನಲ್ಲೂ ಸಿಕ್ಕಿತು. ಸೌತ್ ಸಿಯಲ್ಲಿ ನಲ್ಲಿ ನೀರಿನ ಭಾಗ್ಯ ನಿಮಗೆ ಗೊತ್ತಿಲ್ಲ, ಮನೆಮನೆಗೂ ಟ್ಯಾಂಕು. ಅದಕ್ಕೇ ನಮ್ಮ ಟ್ಯಾಂಕಿನ ಮುಚ್ಚಳದ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಜಗಳ ಮಾಡ್ತೀನಿ.)

ಮುಂದಿನ ಕೆಲವು ವಾರ ಬರೀ ಮಲೇರಿಯಾ ಚೀಟಿಗಳೇ. ನಾನೂ ಅಜ್ಜಿಯ ಕಥೆ ಹೇಳಿದೆ. ಅವರ ಕಾಲದಲ್ಲಿ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡೋಕೆ ಹೆದರುತ್ತಿದ್ದರು. ಚಳಿಜ್ವರ ಹಿಡಿದು ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು ಹೋಗಿಬಿಡ್ತಾರೆ ಅಂತ. ಗಡ್ಡೆ ಅಂದರೆ ಊದಿಕೊಂಡ ಗುಲ್ಮ. "ನಿಮ್ಮೂರೂ ನಮ್ಮೂರ ಹಾಗೇ!" ಅಂದ ಕಿಸುಮುವಿನ ಹುಡುಗ, ದೂರದ ಸಂಬಂಧಿ ಸಿಕ್ಕಷ್ಟು ಖುಷಿಯಿಂದ.

2024ರ ಅಕ್ಟೋಬರಿನಲ್ಲಿ ಒಂದು ಶನಿವಾರ ಡಬ್ಬಿಯಲ್ಲಿ ಒಂದು ಚೀಟಿ ಸಿಕ್ಕಿತು. ನೀಲಿ ಪೆನ್ನು, ಗುಂಡಗಿನ ಅಕ್ಷರ. "ಸಿಕಲ್ ಸೆಲ್ ಯಾರ ತಪ್ಪಿನಿಂದ ಬರುತ್ತೆ?"

ಹೆಸರು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿಗೆ ಬರೋ ಒಬ್ಬ ಫಾರ್ಮ್ ಟೂ ಹುಡುಗಿ ಕೆಲವು ಶನಿವಾರ ಇದ್ದಕ್ಕಿದ್ದ ಹಾಗೆ ಚಕ್ಕರ್ ಹೊಡೀತಿದ್ದಳು, ತಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ. ಕಾಂಪೌಂಡಿನಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ವಿಷಯ.

ತಳಿಶಾಸ್ತ್ರ ಇಲ್ಲಿನ ಪಠ್ಯದಲ್ಲಿ ಬರೋದು ಫಾರ್ಮ್ ಫೋರ್‌ಗೆ. ಹಾಗಂತ ಈ ಹುಡುಗಿಗೆ ಇನ್ನೆರಡು ವರ್ಷ ತಡಿಯಮ್ಮ ಅನ್ನೋದಾ? ಚೀಟಿಯನ್ನು ಗಟ್ಟಿಯಾಗಿ ಓದದೆ ಜೇಬಿಗೆ ಹಾಕಿಕೊಂಡೆ. ಮುಂದಿನ ವಾರ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದೆ. ಯಾರ ಮನೆ ಅಂತಲ್ಲ, ಯಾವ ಊರು ಅಂತ.

ಕೀನ್ಯಾದವರಿಗೆ ಈ ಕಥೆ ಮನೆಯ ಕಥೆ. ಆಂಟನಿ ಆಲಿಸನ್ ಅಂತ ಒಬ್ಬರು, 1925ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಕೀನ್ಯಾದಲ್ಲಿ ಬೆಳೆದವರು. 1949ರಲ್ಲಿ ಆಕ್ಸ್‌ಫರ್ಡಿನಿಂದ ಮೌಂಟ್ ಕೀನ್ಯಾಕ್ಕೆ ಹೊರಟ ತಂಡದ ಜೊತೆ ಬಂದು, ಇಲ್ಲಿನ ಬೇರೆ ಬೇರೆ ಜನರ ರಕ್ತದ ಮಾದರಿ ತೆಗೆದರು. ಕರಾವಳಿಯಲ್ಲಿ ಮತ್ತು ವಿಕ್ಟೋರಿಯಾ ಸರೋವರದ ಸುತ್ತ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಸಿಕಲ್ ಗುಣ. ಎತ್ತರದ ನಾಡಿನಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಒಂದೇ ದೇಶ, ಇಷ್ಟು ವ್ಯತ್ಯಾಸ ಯಾಕೆ? ನಾನು ಇಷ್ಟು ಹೇಳಿ ಗೋಡೆ ಮೇಲೆ ಕೀನ್ಯಾದ ನಕ್ಷೆ ಅಂಟಿಸಿ ಸುಮ್ಮನಾದೆ. ಒಂದೆರಡು ನಿಮಿಷ ಯಾರೂ ಮಾತಾಡಲಿಲ್ಲ. ಕಿಸುಮುವಿನ ಹುಡುಗನೇ ಮೊದಲು ಕೂಗಿದ್ದು. "ಮ್ವಾಲಿಮು, ಇದು ಅದೇ ನಕ್ಷೆ! ಮಲೇರಿಯಾ ನಕ್ಷೆ!"

ಅಷ್ಟರಲ್ಲಿ ಬೆಟ್ಟದ ಕಡೆಯ ಇನ್ನೊಬ್ಬ ಹುಡುಗ, ಕೆಟ್ಟವನೇನಲ್ಲ, ಬಾಯಿ ಸ್ವಲ್ಪ ಮುಂದೆ, "ಹಂಗಾದ್ರೆ ಇದು ಲುವೋಗಳ ಕಾಯಿಲೆ" ಅಂದುಬಿಟ್ಟ.

ಕೋಣೆ ತಣ್ಣಗಾಯಿತು. ಬುಡಕಟ್ಟಿನ ಹೆಸರು ಹಿಡಿದು ಆಡಿದ ಮಾತು ಈ ದೇಶದಲ್ಲಿ ಹಗುರದ್ದಲ್ಲ. 2007ರ ಡಿಸೆಂಬರಿನ ಚುನಾವಣೆಯಾದ ಮೇಲೆ ಸಾವಿರಕ್ಕೂ ಹೆಚ್ಚು ಜನ ಸತ್ತದ್ದು ಇಲ್ಲಿ ಯಾರೂ ಮರೆತಿಲ್ಲ. ನಾನು ಅವನನ್ನು ಗದರಲಿಲ್ಲ. ಗದರಿದ್ದರೆ ಅವನು ಸುಮ್ಮನಾಗುತ್ತಿದ್ದ ಅಷ್ಟೇ, ತಿಳಿದುಕೊಳ್ಳುತ್ತಿರಲಿಲ್ಲ. ನಕ್ಷೆಯನ್ನು ದೊಡ್ಡದು ಮಾಡಿದೆ. ಕರಾವಳಿಯಲ್ಲಿರೋರು ಮಿಜಿಕೆಂಡಾ ಜನ, ಲುವೋಗಳಲ್ಲ, ಅವರಲ್ಲೂ ಇದೆ. ಪಶ್ಚಿಮದ ಲುಹ್ಯಾಗಳಲ್ಲೂ ಇದೆ. ಗ್ರೀಸಿನ ಕೆಲವು ಊರುಗಳಲ್ಲಿದೆ, ಸೌದಿ ಅರೇಬಿಯಾದಲ್ಲಿದೆ. ಆಮೇಲೆ ನಮ್ಮ ನೀಲಗಿರಿ! ಅಲ್ಲಿನ ಆದಿವಾಸಿಗಳಲ್ಲಿ ಸಿಕಲ್ ಗುಣ ಇದೆ ಅಂತ 1952ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸೋಲಿಗರು, ಜೇನುಕುರುಬರಲ್ಲಿದೆ. ಭಾರತ ಸರ್ಕಾರ 2023ರ ಜುಲೈ 1ರಂದು ಇದಕ್ಕೆಂದೇ ಒಂದು ರಾಷ್ಟ್ರೀಯ ಯೋಜನೆ ಶುರುಮಾಡಿ, ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. "ಇದು ಯಾವ ಜನರ ಕಾಯಿಲೆಯೂ ಅಲ್ಲ ಕಣೋ, ಸೊಳ್ಳೆ ಇದ್ದ ಕಡೆ ಉಳಿದುಕೊಂಡದ್ದು. ನಿಮ್ಮಜ್ಜ ಸರೋವರದ ದಡದಲ್ಲಿ ಹುಟ್ಟಿದ್ದರೆ ನಿನ್ನಲ್ಲೂ ಇರಬಹುದಿತ್ತು" ಅಂದೆ. ಗುಜರಾತಿ ಹುಡುಗಿ ತಾನಾಗಿಯೇ ತಮ್ಮನೆಯಲ್ಲಿ ಥಲಸ್ಸೀಮಿಯಾ ಮೈನರ್ ಇರೋದನ್ನು ಹೇಳಿದಳು. ಅದೂ ಇದರ ಪಂಗಡದ್ದೇ, ಅದೂ ಮಲೇರಿಯಾದ ಜೊತೆ ಹೆಣೆದುಕೊಂಡದ್ದೇ. ಬೆಟ್ಟದ ಹುಡುಗ ತಲೆ ಕೆರೆದುಕೊಂಡು, "ಸಾರಿ, ನಾನು ಹಂಗಂದುಕೊಂಡಿದ್ದೆ" ಅಂದ. ಅಲ್ಲಿಗೆ ಮುಗೀತು.

ಆಲಿಸನ್ ನಕ್ಷೆ ನೋಡಿ ಊಹೆ ಮಾಡಿ ಕೈ ಕಟ್ಟಿ ಕೂರಲಿಲ್ಲ. ಡಾಕ್ಟರಿಕೆ ಓದು ಮುಗಿಸಿ ಮತ್ತೆ ಬಂದು, ಉಗಾಂಡಾದಲ್ಲಿ 290 ಮಕ್ಕಳ ರಕ್ತ ನೋಡಿದರು. ಸಿಕಲ್ ಗುಣ ಇದ್ದ 43 ಮಕ್ಕಳಲ್ಲಿ 12 ಮಂದಿಯ ರಕ್ತದಲ್ಲಿ ಮಲೇರಿಯಾ ರೋಗಾಣು. ಇಲ್ಲದ 247 ಮಕ್ಕಳಲ್ಲಿ 113 ಮಂದಿಯಲ್ಲಿ. ನಮ್ಮ ಮಕ್ಕಳು ಶೇಕಡಾ ಹಾಕಿದವು, 28 ಮತ್ತು 46. ಆಮೇಲೆ ಅವರು 30 ಮಂದಿ ಲುವೋ ಗಂಡಸರಿಗೆ ಬೇಕೆಂದೇ ಮಲೇರಿಯಾ ತಗಲಿಸಿ ನೋಡಿದರು. ಸಿಕಲ್ ಗುಣ ಇಲ್ಲದ 15 ಜನರಲ್ಲಿ 14 ಮಂದಿಗೆ ಮಲೇರಿಯಾ ಹಿಡಿಯಿತು, ಇದ್ದ 15ರಲ್ಲಿ ಇಬ್ಬರಿಗೆ ಮಾತ್ರ. 1954ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಮನುಷ್ಯರಲ್ಲಿ ನೈಸರ್ಗಿಕ ಆಯ್ಕೆ ನಡೆದದ್ದಕ್ಕೆ ಜಗತ್ತಿನ ಪಠ್ಯಪುಸ್ತಕಗಳೆಲ್ಲ ಕೊಡೋ ಉದಾಹರಣೆ ಇದೇ.

"ಅವರನ್ನು ಕೇಳಿದ್ರಾ?" ಅಂದಳು ಆ ಹುಡುಗಿ. ಅಲ್ಲಿಯವರೆಗೆ ಆಕೆ ಒಂದು ಮಾತೂ ಆಡಿರಲಿಲ್ಲ.

ಸ್ವಯಂಸೇವಕರು ಅಂತ ಬರೆದಿದ್ದಾರೆ ಅಂದೆ. 1950ರ ದಶಕ, ಬ್ರಿಟಿಷರ ವಸಾಹತು. ಬಿಳಿಯ ಡಾಕ್ಟರು ಕೇಳಿದರೆ ಬೇಡ ಅನ್ನೋ ಸ್ಥಿತಿ ಎಷ್ಟು ಜನಕ್ಕಿತ್ತು ಅಂತ ನೀವೇ ಯೋಚಿಸಿ ಅಂದೆ. ಇವತ್ತು ಯಾವ ನೀತಿ ಸಮಿತಿಯೂ ಅದೇ ರೀತಿ ಮಾಡೋಕೆ ಒಪ್ಪೋದಿಲ್ಲ. ಅರ್ಧ ಗಂಟೆ ಇದರ ಮೇಲೇ ಜಗಳ ನಡೀತು. ಗೊತ್ತಾದ ವಿಷಯದಿಂದ ಲಕ್ಷಾಂತರ ಜನಕ್ಕೆ ಉಪಯೋಗ ಅಲ್ವಾ ಅಂತ ಒಂದು ಗುಂಪು, ಆ ಮೂವತ್ತು ಜನರ ಹೆಸರಾದರೂ ಎಲ್ಲಿ ಅಂತ ಇನ್ನೊಂದು ಗುಂಪು. ನಾನು ಚಹಾ ಕಾಯಿಸೋಕೆ ಎದ್ದು ಹೋದೆ. ಒಳ್ಳೆಯ ಜಗಳದ ಮಧ್ಯೆ ಮೇಷ್ಟ್ರು ಇರಬಾರದು.

ಅದರ ಮರುವಾರ ಕಾಳು ತಂದೆ. ಇಲ್ಲಿ ಮಹಾರಗ್ವೆ ಅಂತಾರೆ, ನಮ್ಮ ರಾಜ್ಮಾ. ಕೆಂಪಗಿನದು ಒಂದಿಷ್ಟು, ಬಿಳಿಯದು ಒಂದಿಷ್ಟು. ಇಬ್ಬಿಬ್ಬರು ಮಕ್ಕಳಿಗೆ ಎರಡೆರಡು ಬಟ್ಟಲು, ಒಂದು ಅಪ್ಪ, ಒಂದು ಅಮ್ಮ. ಎರಡರಲ್ಲೂ ಒಂದು ಕೆಂಪು, ಒಂದು ಬಿಳಿ. ಕೆಂಪು ಅಂದರೆ ಸರಿಯಾದ ಹಿಮೋಗ್ಲೋಬಿನ್ನಿನ ಅಪ್ಪಣೆಚೀಟಿ, ಬಿಳಿ ಅಂದರೆ ಸಿಕಲ್‌ನದ್ದು. ವ್ಯತ್ಯಾಸ ಎಷ್ಟು ಗೊತ್ತಾ? ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳ ಕೊಂಡಿ; ಆರನೆಯದೊಂದು ಮಾತ್ರ ಬದಲು. ಅಷ್ಟಕ್ಕೇ ಆಮ್ಲಜನಕ ಕಡಿಮೆಯಾದಾಗ ಆ ಹಿಮೋಗ್ಲೋಬಿನ್ ಕಡ್ಡಿಕಡ್ಡಿಯಾಗಿ ಜೋಡಿಸಿಕೊಂಡು, ದುಂಡಗಿನ ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಮಕ್ಕಳು ಕಿರುಚಾಡೋ ನೋವು ಅದೇ.

ಕಣ್ಣು ಮುಚ್ಚಿ ಎರಡೂ ಬಟ್ಟಲಿನಿಂದ ಒಂದೊಂದು ಕಾಳು ತೆಗೆಯಬೇಕು. ಒಂದು ಜೊತೆ ಅಂದರೆ ಒಂದು ಮಗು. ಬರೆದುಕೊಂಡು ಕಾಳು ವಾಪಸ್ ಹಾಕಬೇಕು. ಮನೆಗೆ ನಾಲ್ಕು ಮಕ್ಕಳ ಹಾಗೆ ಹತ್ತು ಹತ್ತು ಮನೆ. ಎರಡೂ ಬಿಳಿ ಬಂದರೆ ಕಾಯಿಲೆ, ಒಂದೇ ಬಿಳಿ ಬಂದರೆ ಕಾಯಿಲೆ ಇಲ್ಲ, ಆದರೆ ಗುಣ ಹೊತ್ತಿರೋ ಮಗು. ನಾಲ್ಕರಲ್ಲಿ ಒಂದು ಅಂತ ಪುಸ್ತಕ ಹೇಳುತ್ತಲ್ಲ, ಮಕ್ಕಳಂದುಕೊಂಡದ್ದು ಪ್ರತಿ ಮನೆಯಲ್ಲೂ ಸರಿಯಾಗಿ ಒಂದು ಮಗುವಿಗೆ ಬರುತ್ತೆ ಅಂತ. ಮೂರನೇ ಒಂದು ಭಾಗ ಮನೆಗಳಲ್ಲಿ ಯಾರಿಗೂ ಬರಲಿಲ್ಲ. ಒಂದು ಮನೆಯಲ್ಲಿ ನಾಲ್ಕರಲ್ಲಿ ಮೂವರಿಗೆ ಬಂತು. ಆ ಮನೆಯ 'ಅಪ್ಪ' ಆಗಿದ್ದ ಬೆಟ್ಟದ ಹುಡುಗ, "ಇದು ಅನ್ಯಾಯ, ಕಾಳು ಮೋಸ ಮಾಡ್ತಿದೆ" ಅಂತ ಬಟ್ಟಲು ತಿರುವಿ ನೋಡಿದ. ಕಾಳಿಗೆ ನೆನಪಿಲ್ಲ ಮಗು, ಹೋದ ಸಲ ಏನು ಬಂತು ಅಂತ ಅದಕ್ಕೆ ಗೊತ್ತಿರಲ್ಲ ಅಂದೆ.

ಹುಡುಗಿ ಸುಮ್ಮನೆ ಮೇಲೆ ಮೇಲೆ ಕಾಳು ತೆಗೀತಾ ಇದ್ದಳು. ಆಮೇಲೆ ಕೇಳಿದಳು. "ಅಮ್ಮನ ಬಟ್ಟಲಿನ ಬಿಳಿ ಒಂದರಿಂದಲೇ ಬರೋದಿಲ್ವಾ?"

"ಇಲ್ಲ."

"ಅಪ್ಪನ ಬಟ್ಟಲಿನದೂ ಬೇಕೇಬೇಕಾ?"

"ಬೇಕೇಬೇಕು."

ಆಗ ಅವಳಾಗಿಯೇ ಹೇಳಿದಳು, ಎಲ್ಲರ ಮುಂದೆ. ಊರಲ್ಲಿ ಅಜ್ಜಿ ಇದನ್ನು ತಾಯಿಯ ಕಡೆಯಿಂದ ಬಂದ ಶಾಪ ಅಂತಾರೆ. ತಮ್ಮ ಹುಟ್ಟಿದಾಗ ಗುಂಡುಗುಂಡಗೆ ಚೆನ್ನಾಗಿದ್ದ, ಆರು ತಿಂಗಳಾದ ಮೇಲೆ ಕೈಕಾಲು ಬಾವು ಶುರುವಾಯ್ತು. ಆ ಹೊತ್ತಿಗೆ ಅಮ್ಮನ ತವರಿನವರು ಬಂದು ಹೋಗಿದ್ದರು, ಅವರ ದೃಷ್ಟಿ ಅಂತ ಅಜ್ಜಿಯ ತೀರ್ಮಾನ. ಅಮ್ಮ ಡಿಸೆಂಬರಿಗೆ ಊರಿಗೆ ಹೋಗೋದನ್ನೇ ಬಿಟ್ಟಿದ್ದಾಳೆ.

ನನಗೆ ಆ ಆರು ತಿಂಗಳ ಮಾತು ಬಹಳ ಮುಖ್ಯವಾಗಿ ಕಂಡಿತು. ಹೊಟ್ಟೆಯೊಳಗಿನ ಶಿಶುವಿಗೆ ಬೇರೆಯದೇ ಹಿಮೋಗ್ಲೋಬಿನ್ ಇರುತ್ತೆ, ಅದರಲ್ಲಿ ಬೀಟಾ ಸರಪಳಿಯೇ ಇಲ್ಲ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಅದು ಕಡಿಮೆಯಾಗಿ ದೊಡ್ಡವರ ಹಿಮೋಗ್ಲೋಬಿನ್ ಬರುತ್ತೆ. ಹಾಗಾಗಿ ಸಿಕಲ್ ಇರೋ ಕೂಸು ಹುಟ್ಟಿದಾಗ ಆರೋಗ್ಯವಾಗಿಯೇ ಇರುತ್ತೆ, ಆರು ತಿಂಗಳ ಹೊತ್ತಿಗೆ ತೊಂದರೆ ಕಾಣಿಸಿಕೊಳ್ಳುತ್ತೆ. ಅಜ್ಜಿ ನೋಡಿದ್ದರಲ್ಲಿ ಸುಳ್ಳಿಲ್ಲ, ಕಾರಣ ಹೇಳಿದ್ದು ಮಾತ್ರ ಬೇರೆ. ಆ ಹುಡುಗ ಈಗ ತೊಗೊಳ್ಳೋ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಮಾಡೋ ಕೆಲಸವೂ ಇದೇ, ಮಲಗಿಸಿದ್ದ ಶಿಶುವಿನ ಹಿಮೋಗ್ಲೋಬಿನ್ನನ್ನು ಮತ್ತೆ ಎಬ್ಬಿಸೋದು. ಆಫ್ರಿಕಾದ ಮಕ್ಕಳಿಗೆ ಇದನ್ನು ಕೊಡಬಹುದೋ ಬಾರದೋ ಅಂತ ನಾಲ್ಕು ದೇಶಗಳಲ್ಲಿ ನೋಡಿದರು, ಕೀನ್ಯಾದ ಕರಾವಳಿಯ ಕಿಲಿಫಿಯೂ ಅದರಲ್ಲೊಂದು. 2019ರಲ್ಲಿ ಫಲಿತಾಂಶ ಬಂತು. ನೋವು ಕಡಿಮೆ, ರಕ್ತ ಕೊಡೋ ಪ್ರಸಂಗ ಕಡಿಮೆ, ಸಾವೂ ಕಡಿಮೆ. 2023ರ ಕೊನೆಗೆ ಅಮೆರಿಕ, ಬ್ರಿಟನ್‌ನಲ್ಲಿ ಜೀನನ್ನೇ ತಿದ್ದೋ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು, ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಒಬ್ಬ ಹುಡುಗ ಅದನ್ನು ಶಿಲ್ಲಿಂಗಿಗೆ ಪರಿವರ್ತಿಸೋಕೆ ಹೋಗಿ ಕ್ಯಾಲ್ಕುಲೇಟರ್ ಕೆಳಗಿಟ್ಟ. 2021ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಕಾಯಿಲೆಯೊಂದಿಗೆ ಹುಟ್ಟುತ್ತಾರೆ, ಮುಕ್ಕಾಲು ಪಾಲಿಗಿಂತ ಹೆಚ್ಚು ಸಹಾರಾದ ಕೆಳಗಿನ ಆಫ್ರಿಕಾದಲ್ಲಿ.

ಇದೆಲ್ಲ ಆದಮೇಲೆ ಒಬ್ಬರ ಅಪ್ಪ ಬಂದು ವಿಚಾರಿಸಿದರು. "ಮ್ವಾಲಿಮು, ಮೂರು ವಾರದಿಂದ ಬರೀ ಸಿಕಲ್ ಸೆಲ್ ಅಂತೆ. ಇದು ಪರೀಕ್ಷೆಗೆ ಬರುತ್ತಾ?" ಕೆ.ಸಿ.ಎಸ್.ಇ. ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ, ಜೀವಶಾಸ್ತ್ರಕ್ಕೆ ಮೂರು ಪತ್ರಿಕೆ, ಅಪ್ಪಂದಿರ ನಿದ್ದೆ ಕೆಡಿಸೋದು ಅದೇ. ಅವರ ಆತಂಕ ನನಗೆ ಅರ್ಥವಾಗುತ್ತೆ, ಫೀಸು ಕಟ್ಟೋರು ಅವರು. ಮಗನನ್ನು ಕರೆದು, ರಕ್ತಕಣ, ಪ್ರೋಟೀನು, ಅನುವಂಶೀಯತೆ, ನೈಸರ್ಗಿಕ ಆಯ್ಕೆ, ಪರಾವಲಂಬಿ ಇಷ್ಟನ್ನೂ ಅಪ್ಪನ ಮುಂದೆ ಹೇಳಪ್ಪ ಅಂದೆ. ಹೇಳಿದ, ಕಾಳು ಹಿಡಿದುಕೊಂಡೇ. ಅಪ್ಪ ಗಡಿಯಾರ ನೋಡಿಕೊಂಡರು, ಸರಿ ಸರಿ ಅಂದರು.

ನಮ್ಮ ಕಡೆ ಹೆಣ್ಣು ಹುಟ್ಟಿದರೆ ಸೊಸೆಯನ್ನು ಬೈಯೋರಿಗೂ ಇಂಥದೇ ಎರಡು ಬಟ್ಟಲು ಇಟ್ಟು ತೋರಿಸಬೇಕು ಅಂತ ಅವತ್ತು ರಾತ್ರಿ ನಮ್ಮನೆಯವರಿಗೆ ಹೇಳ್ತಾ ಇದ್ದೆ. ಅಲ್ಲಂತೂ ಲೆಕ್ಕ ಇನ್ನೂ ಸುಲಭ, ವೈ ಇರೋದು ಅಪ್ಪನ ಬಟ್ಟಲಿನಲ್ಲಿ ಮಾತ್ರ.

ಆದರೆ ಹುಡುಗಿಯ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ, ನಿಲ್ಲೋದೂ ಇಲ್ಲ. ಮುಂದಿನ ಶನಿವಾರ ಎಲ್ಲರೂ ಹೋದ ಮೇಲೆ ಹಿಂದೆ ಉಳಿದು, "ನನ್ನಲ್ಲಿ ಬಿಳಿ ಕಾಳು ಇರೋ ಸಾಧ್ಯತೆ ಅರ್ಧ ಅಲ್ವಾ?" ಅಂದಳು. ನೀನೇ ಲೆಕ್ಕ ಹಾಕು ಅಂದೆ. ನಾಲ್ಕು ಚೌಕ ಬರೆದಳು. ಅವಳಿಗೆ ಕಾಯಿಲೆ ಇಲ್ಲ, ವಾಲಿಬಾಲ್ ಆಡ್ತಾಳೆ. ಹಾಗಾದರೆ ಎರಡೂ ಬಿಳಿ ಇರೋ ಚೌಕ ಅವಳದ್ದಲ್ಲ, ಅದನ್ನು ಹೊಡೆದುಹಾಕಿದಳು. ಉಳಿದದ್ದು ಮೂರು. ಅದರಲ್ಲಿ ಎರಡರಲ್ಲಿ ಬಿಳಿ ಇದೆ. ಪೆನ್ನು ಅಲ್ಲೇ ನಿಂತಿತು. ಅರ್ಧ ಅಲ್ಲ, ಮೂರರಲ್ಲಿ ಎರಡು.

ಹದಿನೈದು ವರ್ಷದ ಹುಡುಗಿ. ಇದನ್ನು ಪರೀಕ್ಷೆಯಲ್ಲಿ ಎರಡು ಅಂಕದ ಲೆಕ್ಕವಾಗಿ ನಾನು ಎಷ್ಟೋ ಸಲ ಕೊಟ್ಟಿದ್ದೀನಿ. ಒಂದು ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ, ಬಿಳಿ ಇದ್ದರೂ ನಿನಗೇನೂ ಕಾಯಿಲೆ ಅಲ್ಲ, ಮುಂದೆ ಮದುವೆಯ ಹೊತ್ತಿಗೆ ಅವನದ್ದೂ ನೋಡಬೇಕು ಅಷ್ಟೇ, ಯಾವಾಗ ಮಾಡಿಸೋದು ಅಂತ ನೀನು, ಅಮ್ಮ, ಡಾಕ್ಟರು ಕೂತು ಮಾತಾಡಿ ಅಂದೆ. ಅದಕ್ಕಿಂತ ಮುಂದೆ ಹೋಗೋದು ನನ್ನ ಕೆಲಸವಲ್ಲ. ಅವಳು ಚೌಕದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗಿಟ್ಟಳು. "ಆ ಮೂವತ್ತು ಜನರಲ್ಲಿ ನಾನಿದ್ದಿದ್ದರೆ ನನಗೆ ಮಲೇರಿಯಾ ಬರ್ತಿರಲಿಲ್ಲ, ಬಹುಶಃ" ಅಂದು ಸ್ವಲ್ಪ ನಕ್ಕಳು.

ನವೆಂಬರಿನಲ್ಲಿ ಅವಳಮ್ಮ ಬಂದರು. ಆಸ್ಪತ್ರೆಯಲ್ಲಿ ಡಾಕ್ಟರು ಹಿಂದೆಯೇ ಹೇಳಿದ್ದರಂತೆ ಇಬ್ಬರಿಂದಲೂ ಬರುತ್ತೆ ಅಂತ. ಮನೆಯಲ್ಲಿ ಅದನ್ನು ಹೇಳೋ ಧೈರ್ಯ ಆಕೆಗಿರಲಿಲ್ಲ, ಗಂಡನೂ ಹೇಳಿರಲಿಲ್ಲ. ಹೆಚ್ಚು ಮಾತಾಡಲಿಲ್ಲ. ಚಹಾ ಕುಡಿದು, ಮಗಳು ಬಿಡಿಸಿದ ಚೌಕ ತಮ್ಮ ಕೈಚೀಲದಲ್ಲಿದೆ ಅಂತ ಮಾತ್ರ ಹೇಳಿ ಹೋದರು.

ಡಿಸೆಂಬರಿಗೆ ಮನೆಯವರೆಲ್ಲ ಸಿಯಾಯಾ ಕಡೆಯ ಹಳ್ಳಿಗೆ ಹೊರಟರು, ಅಮ್ಮನೂ ಸೇರಿ. ಹೊರಡೋ ಹಿಂದಿನ ದಿನ ಹುಡುಗಿ ಬಂದು ಕಾಳು, ಬಟ್ಟಲು ಎರಡನ್ನೂ ಕೇಳಿದಳು. ಬಟ್ಟಲು ಅಲ್ಲೂ ಸಿಗುತ್ತಲ್ಲೇ ಅಂದೆ. ಇಲ್ಲ, ಇವೇ ಬೇಕು ಅಂದಳು. ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಪ್ಪತ್ತು ಕೆಂಪು, ಇಪ್ಪತ್ತು ಬಿಳಿ ಎಣಿಸಿ ಹಾಕಿಕೊಟ್ಟೆ.

2025ರ ಜನವರಿಯ ಮೊದಲ ಶನಿವಾರ ಡಬ್ಬಿ ವಾಪಸ್ ಬಂತು. ಅಜ್ಜಿ ಮೊದಲ ದಿನ, ತಿನ್ನೋ ಕಾಳಿನಲ್ಲಿ ಆಟ ಆಡಬಾರದು ಅಂತ ಬೈದರಂತೆ. ಅಜ್ಜ ಮಾತ್ರ ಮಾವಿನ ಮರದ ಕೆಳಗೆ ಕೂತು ಸಂಜೆಯವರೆಗೂ ಕಾಳು ತೆಗೆದು ತೆಗೆದು ನೋಡಿದರಂತೆ, ಒಂದೂ ಮಾತಾಡದೆ. ಕೊನೆಗೆ ತಮ್ಮ ಬಟ್ಟಲು ಯಾವುದು ಅಂತ ಕೇಳಿದರಂತೆ. ಅಜ್ಜಿ ಏನಂದರು ಅಂತ ಕೇಳಿದೆ. "ಏನೂ ಅನ್ನಲಿಲ್ಲ. ಆದರೆ ಹೊರಡೋ ದಿನ ಅಮ್ಮನಿಗೆ ಕೋಳಿ ಕೊಟ್ಟು ಕಳಿಸಿದರು" ಅಂದಳು.

ಡಬ್ಬಿ ತೆಗೆದು ಎಣಿಸಿದೆ. ಕೆಂಪು ಇಪ್ಪತ್ತೂ ಇದ್ದವು, ಬಿಳಿ ಹದಿನೇಳೇ ಇದ್ದವು.

"ಮೂರನ್ನು ಅದೇ ಕೋಳಿ ತಿಂತು ಮ್ವಾಲಿಮು."